ಜಗಲಿಯಲ್ಲಿ ಹೇಳಿದ ‘ಇಲ್ಲ’

ಸುಮತಿ ನನ್ನಲ್ಲಿಗೆ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಅಂತ. (ಹೆಸರುಗಳು ನಿಜವಲ್ಲ, ಮನೆಯ ವಿವರಗಳನ್ನೂ ಅಲ್ಲಲ್ಲಿ ಬದಲಾಯಿಸಿದ್ದೇನೆ.) 51 ವರ್ಷ, ಕಾಸರಗೋಡಿನ ಬದಿಯಡ್ಕದಿಂದ ಒಳಗೆ ಒಂದು ಹಳ್ಳಿ. ಗಂಡ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ, ಇವರು ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಮಗ ಮಂಗಳೂರಿನಲ್ಲಿ, ಮಗಳನ್ನು ಪುತ್ತೂರಿಗೆ ಕೊಟ್ಟಿದೆ. ಮನೆಯಲ್ಲಿ ಅತ್ತೆ ಇದ್ದಾರೆ.

ಮೊದಲ ಎರಡು ಭೇಟಿ ಅತ್ತೆಯ ಕಿರಿಕಿರಿ, ಬೀಡಿಯ ಮಜೂರಿಯಲ್ಲೇ ಕಳೆಯಿತು. ನಾನೂ ಅದೇ ದಾರಿ ಹಿಡಿದಿದ್ದೆ, ಒಪ್ಪಿಕೊಳ್ಳುತ್ತೇನೆ. ಮೂರನೆಯ ಸಲ ಮಾತಿನ ನಡುವೆ, ಈಗ ಬೀಡಿಯ ತಡ್ಪೆಯನ್ನು (ಎಲೆ, ಹೊಗೆಸೊಪ್ಪು ಹಾಕಿಕೊಳ್ಳುವ ಮೊರ) ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ, ಸ್ಟೂಲಿನ ಮೇಲೆ ಇಡುತ್ತೇನೆ ಅಂದರು.

‘ಯಾಕೆ?’

‘ಅಂಚು ತಾಗ್ತದೆ.’

‘ಎಲ್ಲಿಗೆ?’

ಉತ್ತರ ಬರಲಿಲ್ಲ. ಸೆರಗನ್ನು ಇನ್ನಷ್ಟು ಎಳೆದುಕೊಂಡರು. ಸುಮಾರು ಹೊತ್ತಾದ ಮೇಲೆ ಹೇಳಿದರು: ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಸೋಪು ಹಚ್ಚುವಾಗ ಎಡಗಡೆ ಕೈಗೆ ಸಿಕ್ಕಿದ್ದು. ಆಗ ನೆಲ್ಲಿಕಾಯಿ ಬೀಜದಷ್ಟು, ಈಗ ದೊಡ್ಡ ಗೋಲಿಯಷ್ಟು. ‘ನೋವು ಎಂತ ಇಲ್ಲ ಟೀಚರೇ. ನೋವಿಲ್ಲ ಅಂತಲೇ ಸುಮ್ಮನಿದ್ದದ್ದು.’

ಹೆಚ್ಚಿನವರು ಏಮಾರುವುದು ಇಲ್ಲೇ. ನೋಯುವ ಗಂಟಿಗೆ ನಾವು ಹೆದರುತ್ತೇವೆ, ನೋಯದ್ದನ್ನು ಬಿಟ್ಟುಬಿಡುತ್ತೇವೆ. ಸ್ತನದ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಯಾರೂ ಕೇಳಲಿಲ್ಲವೇ ಅಂದರೆ, ಕೇಳಿದ್ದಾರೆ! ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇರಳ ಆರೋಗ್ಯ ಇಲಾಖೆಯ ‘ಶೈಲಿ’ ಆ್ಯಪ್ ತೆರೆದು, 30 ದಾಟಿದ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಇವರಿಗೂ ಕೇಳಿದ್ದಾರೆ. ಸ್ತನದಲ್ಲಿ ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತದಾ, ಆಕಾರ ಬದಲಾಗಿದೆಯಾ ಅಂತ. ಕೇಳಿದ್ದು ಜಗಲಿಯಲ್ಲಿ. ಪಕ್ಕದಲ್ಲಿ ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು, ಅಂಗಳದಲ್ಲಿ ಕರೆಂಟಿನ ಮೀಟರು ನೋಡಲು ಬಂದ ಹುಡುಗ. ಸುಮತಿ ಮೂರಕ್ಕೂ ‘ಇಲ್ಲ’ ಅಂದರು. ಮೊಬೈಲಿನಲ್ಲಿ ‘ಇಲ್ಲ’ ಅಂತಲೇ ದಾಖಲಾಯಿತು. ದಿನಕ್ಕೆ ಎಷ್ಟೋ ಮನೆ ಹತ್ತಿ ಇಳಿಯುವ ಆ ಹೆಂಗಸನ್ನು ನಾನು ದೂರುವುದಿಲ್ಲ. ಪ್ರಶ್ನೆ ಸರಿಯೇ ಇತ್ತು, ಜಾಗ ಸರಿ ಇರಲಿಲ್ಲ.

ಎರಡನೆಯ ತೊಡಕು ನಮ್ಮ ಕಾಸರಗೋಡಿನದೇ. ಡಾಕ್ಟರು ಮಲಯಾಳದವರು. ಸುಮತಿಗೆ ಅಂಗಡಿಯಲ್ಲಿ ಅಕ್ಕಿ ಕೇಳುವಷ್ಟು ಮಲಯಾಳಂ ಬರುತ್ತದೆ, ಅಷ್ಟೆ. ಆಸ್ಪತ್ರೆಗೆ ಯಾವಾಗಲೂ ಮಗ ಜೊತೆಗೆ ಹೋಗಿ ಮಾತಾಡುವುದು. ‘ಈ ಮಾತನ್ನು ಅವನ ಬಾಯಲ್ಲಿ ಹೇಗೆ ಹೇಳಿಸಲಿ?’

ಮೂರನೆಯದು ಇದೇ ರೋಗದಿಂದ ಆದ ಓರಗಿತ್ತಿಯ ಸಾವು. ‘ಅಕ್ಕನಿಗೆ ಕತ್ತಿ ತಾಗಿಸಿದ ಮೇಲೆಯೇ ಹಬ್ಬಿದ್ದು’ ಅಂದರು. ಅಕ್ಕ ಆಸ್ಪತ್ರೆಗೆ ಹೋದದ್ದು ಯಾವಾಗ ಅಂತ ಕೇಳಿದೆ. ‘ಹುಣ್ಣಾಗಿ ವಾಸನೆ ಬರ್ಲಿಕ್ಕೆ ಶುರುವಾದ ಮೇಲೆ.’ ಹೇಳಿದವರು ಅಲ್ಲೇ ನಿಂತರು. ನಾನು ಏನೂ ಸೇರಿಸಲಿಲ್ಲ.

ಆ ದಿನ ನಾನು ಕೊಟ್ಟ ಸಲಹೆ ಇದು. ನಾನು ಡಾಕ್ಟರಲ್ಲ, ಈ ಗಂಟು ಏನೆಂದು ನನಗೆ ಹೇಳಲಾಗದು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು ಅಂತ ಮನೆಯಲ್ಲಿ ಕೂತು ತಿಳಿಯುವುದಿಲ್ಲ. ಮುಂದಿನ ತಿಂಗಳು ಬೇಡ, ಈ ವಾರವೇ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಬೇಕಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ ಮ್ಯಾಮೊಗ್ರಾಮ್, ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮ್ಯಾಮೊಗ್ರಾಮ್ ಅಂದರೆ ಸ್ತನವನ್ನು ಎರಡು ತಟ್ಟೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ, ಕೆಲವು ಕ್ಷಣ ಹಿಂಡಿದ ಹಾಗಾಗುತ್ತದೆ. ಆಮೇಲೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕೊಡಬೇಕಾದೀತು. ಸೂಜಿ ಚುಚ್ಚಿದ್ದಕ್ಕೆ ರೋಗ ಹಬ್ಬುವುದಿಲ್ಲ. ಓರಗಿತ್ತಿ ನಿಮಗೆ ರಕ್ತಸಂಬಂಧಿಯಲ್ಲ, ಅವರ ಗತಿಯೇ ತನಗೂ ಅಂದುಕೊಳ್ಳಬೇಡಿ. ಹಾಗೆಂದು, ತವರಿನಲ್ಲಿ ಯಾರಿಗೂ ಇಲ್ಲ ಅಂತ ನಿಶ್ಚಿಂತೆಯೂ ಬೇಡ. ಈ ರೋಗ ಬಂದ ಹೆಚ್ಚಿನವರ ಕುಟುಂಬದಲ್ಲಿ ಮೊದಲು ಯಾರಿಗೂ ಇದ್ದಿರುವುದಿಲ್ಲ.

ಕೈಯಲ್ಲಿ ಮುಟ್ಟಿ ಎಂತ ಗೊತ್ತಾಗ್ತದೆ ಅಂತ ಅವರಿಗೆ ಅನುಮಾನ. ಮುಂಬೈಯ ಟಾಟಾ ಸ್ಮಾರಕ ಕೇಂದ್ರದವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಹೇಳಿದೆ. ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಈ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು 30% ಕಡಿಮೆಯಾಗಿತ್ತು. ‘ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆಯಾದರೆ ನಿಮ್ಮ ಬೆರಳಿಗೆ ಗೊತ್ತಾಗುವುದಿಲ್ವಾ? ಹಾಗೆಯೇ’ ಅಂದೆ. ಮೊದಲ ಸಲ ನಕ್ಕರು.

ಉಳಿದದ್ದು ಮಾತಿನ ಸಮಸ್ಯೆ. ಮಗನ ಬದಲು ಆಚೆಮನೆಯ ನಬೀಸಾ ಬರಲಿ ಅಂತಾಯಿತು. ಜೊತೆಗೇ ಕೂತು ಬೀಡಿ ಕಟ್ಟುವವರು, ಮನೆಮಾತು ಮಲಯಾಳಂ. ಆದರೂ ಒಂದು ವಾಕ್ಯ ಸುಮತಿಯ ಬಾಯಿಂದಲೇ ಬರಬೇಕು ಅಂತ ನನ್ನ ಹಟ. ‘ಮಾರಿಲ್ ಮುೞ ಉಂಡ್, ವೇದನ ಇಲ್ಲ.’ ಅಂದರೆ, ಎದೆಯಲ್ಲಿ ಗಂಟಿದೆ, ನೋವಿಲ್ಲ. (ಆ ೞ ನಮ್ಮ ಹಳಗನ್ನಡದಲ್ಲೂ ಇತ್ತು, ನಾವು ಕಳೆದುಕೊಂಡೆವು.) ನನ್ನ ಕೋಣೆಯಲ್ಲಿ ಮೂರು ಸಲ ಹೇಳಿಸಿದೆ. ಮೊದಲ ಸಲ ಗೋಡೆ ನೋಡಿ ಹೇಳಿದರು, ಮೂರನೆಯ ಸಲ ನನ್ನ ಮುಖ ನೋಡಿ.

ಗಂಡನಿಗೆ ಹೇಳುವಾಗ ‘ಹೋಗಲಾ?’ ಅಂತ ಕೇಳಬೇಡಿ, ‘ಬುಧವಾರ ಹೋಗ್ತೇನೆ, ನಬೀಸಾ ಬರ್ತಾರೆ’ ಅನ್ನಿ ಅಂದಿದ್ದೆ. ಗಂಡ ಬೇಡ ಅನ್ನಲಿಲ್ಲವಂತೆ. ಎಂಟು ತಿಂಗಳು ಕಾದದ್ದು ಯಾರ ಅಪ್ಪಣೆಗೋ!

ಪರೀಕ್ಷೆಯಲ್ಲಿ ಕ್ಯಾನ್ಸರೇ ಅಂತ ಬಂತು. ಎರಡನೆಯ ಹಂತ, ಕಂಕುಳಿನ ಒಂದು ಗ್ರಂಥಿಗೂ ತಾಗಿತ್ತು. ಎಂಟು ತಿಂಗಳ ಹಿಂದೆಯೇ ಹೋಗಿದ್ದರೆ ಅಂತ ಅವರು ಕೇಳಿದಾಗ ನಾನು ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲ, ಬೇಗ ಬಂದಷ್ಟೂ ಒಳ್ಳೆಯದಿತ್ತು ಅಂದೆ. ಈಗ ಬಂದದ್ದೂ ತಡವಾಗಿಹೋಗಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಸ್ತನ ಉಳಿಸಿಕೊಂಡೇ ಗಂಟು ತೆಗೆದರು. ಕಿಮೊ ಮುಗಿದಿದೆ, ರೇಡಿಯೇಶನ್ ನಡೆಯುತ್ತಿದೆ.

ಕೈ ಮೇಲೆತ್ತಲು ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸುವುದು. ಎಷ್ಟು ಎತ್ತರ ಹೋಯಿತೋ ಅಲ್ಲಿಗೆ ದಿನಾ ಮಸಿಯಲ್ಲಿ ಗೆರೆ ಎಳೆಯುತ್ತಾರೆ. ಗೋಡೆ ಹಾಳಾಯಿತು ಅಂತ ಅತ್ತೆ ಗೊಣಗುತ್ತಾರಂತೆ. ಕಳೆದ ವಾರ ಗೆರೆ ಕ್ಯಾಲೆಂಡರಿನ ಮೊಳೆಗೆ ನಾಲ್ಕು ಬೆರಳು ಕೆಳಗಿತ್ತು.