ಬಿದ್ದದ್ದನ್ನು ಅಮ್ಮ ಮುಚ್ಚಿಟ್ಟರೇಕೆ?

ಪ್ರಶ್ನೆ: ನನ್ನ ಆಯಿಗೆ 79 ವರ್ಷ. ಅಪ್ಪ ತೀರಿಕೊಂಡ ಮೇಲೆ ಶಿರಸಿ ಹತ್ತಿರದ ಹಳ್ಳಿಯ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಬೆಂಗಳೂರಿಗೆ ಕರೆತಂದು ಎರಡು ತಿಂಗಳು ನೋಡಿಕೊಂಡೆ. ಆಮೇಲೆ ಹಟ ಹಿಡಿದು ಊರಿಗೆ ಹೋದರು. ಈಚೆಗೆ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮತ್ತೆ ಬಿದ್ದಿದ್ದಾರೆ. ನನಗೆ ಹೇಳಲೇ ಇಲ್ಲ. ಹದಿನೈದು ದಿನಗಳ ಮೇಲೆ ಪಕ್ಕದ ಮನೆಯವರಿಂದ ಗೊತ್ತಾಯಿತು. ನಾನು ಹಾಕಿಸಿದ ಕ್ಯಾಮೆರಾಕ್ಕೆ ಟವೆಲ್ ಹೊದಿಸಿಟ್ಟಿದ್ದಾರೆ. ಬಿಪಿಗೆ ಎರಡು ಮಾತ್ರೆ, ನಿದ್ದೆಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿರುವ ತಮ್ಮ, ವೃದ್ಧಾಶ್ರಮಕ್ಕೆ ಸೇರಿಸು, ಹಣ ನಾನು ಕೊಡುತ್ತೇನೆ ಎನ್ನುತ್ತಾನೆ. ‘ಸತ್ತರೆ ಇಲ್ಲೇ ಸಾಯುತ್ತೇನೆ’ ಎನ್ನುವ ಆಯಿಯನ್ನು ಒಪ್ಪಿಸುವುದು ಹೇಗೆ?
– ಒಬ್ಬ ಮಗಳು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಆ ಹದಿನೈದು ದಿನಗಳ ಮೌನ. ನಿಮ್ಮ ತಾಯಿಯವರ ಕಡೆಯಿಂದ ನೋಡಿದರೆ ಅದರಲ್ಲಿ ಒಂದು ಲೆಕ್ಕಾಚಾರವಿದೆ. ಮೊದಲ ಸಲ ಬಿದ್ದದ್ದು ಎಲ್ಲರಿಗೂ ತಿಳಿಯಿತು, ಅದರ ಫಲವಾಗಿ ಎರಡು ತಿಂಗಳು ತಮ್ಮ ಮನೆ, ತೋಟ, ದೇವರ ಕೋಣೆ ಎಲ್ಲವನ್ನೂ ಬಿಟ್ಟಿರಬೇಕಾಯಿತು. ಎರಡನೆಯ ಸಲ ಹೇಳಿದರೆ ಮರಳಿ ಬರಲು ಬಿಡುವುದಿಲ್ಲ ಎಂದು ಅವರು ಊಹಿಸಿದ್ದರೆ, ನಿಮ್ಮ ತಮ್ಮನ ಮಾತನ್ನು ಕೇಳಿದ ಮೇಲೆ ಆ ಊಹೆಯನ್ನು ತಪ್ಪೆನ್ನಲಾಗದು. ಆದರೆ ಈ ಮೌನ ಅಪಾಯಕಾರಿ. ವಯಸ್ಸಾದವರಲ್ಲಿ ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದಲೂ ಒಳಗೆ ನಿಧಾನವಾಗಿ ರಕ್ತ ಜಿನುಗಿ, ವಾರಗಳ ನಂತರ ತಲೆನೋವು, ಮಂಕು, ನಡಿಗೆಯಲ್ಲಿ ಓಲಾಟ ಕಾಣಿಸಿಕೊಳ್ಳಬಹುದು; ಬಿದ್ದದ್ದೇ ಗೊತ್ತಿಲ್ಲದಿದ್ದರೆ ಅದನ್ನು ವಯಸ್ಸಿನ ಮರೆವು ಎಂದುಕೊಂಡು ಸುಮ್ಮನಿರುತ್ತೀರಿ.

ಆದ್ದರಿಂದ ಒಪ್ಪಿಸುವ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಊರಿಗೆ ಹೋಗಿ. ಫೋನಿನಲ್ಲಿ ಆಗುವ ಮಾತಲ್ಲ ಇದು. ‘ಬಿದ್ದದ್ದನ್ನು ಹೇಳಿದ್ದಕ್ಕಾಗಿ ನಿನ್ನನ್ನು ಈ ಮನೆಯಿಂದ ಎಬ್ಬಿಸುವುದಿಲ್ಲ, ಆದರೆ ಪ್ರತಿ ಸಲವೂ ಅದೇ ದಿನ ನನಗೆ ತಿಳಿಯಬೇಕು’ ಎಂದು ಸ್ಪಷ್ಟವಾಗಿ ಹೇಳಿ, ಮುಂದಿನ ಸಲ ಅವರು ಹೇಳಿದಾಗ ಗದರದೆ, ಅಳದೆ, ತಮ್ಮನಿಗೆ ಕೂಡಲೇ ಫೋನು ಹಚ್ಚದೆ ಕೇಳಿಸಿಕೊಳ್ಳಿ. ಕ್ಯಾಮೆರಾವನ್ನು ಅವರೆದುರೇ ಕಳಚಿಸಿ. ಟವೆಲ್ ಹೊದಿಸುವ ಮೂಲಕ ಅವರು ಉತ್ತರ ಕೊಟ್ಟಾಗಿದೆ, ಅದನ್ನು ಗೌರವಿಸಿದರೆ ಬೇರೆ ವಿಷಯಗಳಲ್ಲಿ ಅವರು ನಿಮ್ಮ ಮಾತು ಕೇಳುವ ಸಾಧ್ಯತೆ ಹೆಚ್ಚು.

ಮುಂದಿನ ಕೆಲಸ ವೈದ್ಯರದು. ‘ವಯಸ್ಸಾಯಿತು, ಬಿದ್ದರು’ ಎಂಬ ವಿವರಣೆಗೆ ಯಾರೂ ತೃಪ್ತರಾಗಬಾರದು. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎಂಬುದು ನಿಜ, ಆದರೆ ಬಿದ್ದ ಪ್ರತಿಯೊಬ್ಬರಲ್ಲೂ ಹುಡುಕಿದರೆ ಸಿಗುವ ಕಾರಣಗಳಿರುತ್ತವೆ, ಅವುಗಳಲ್ಲಿ ಹಲವನ್ನು ಸರಿಪಡಿಸಬಹುದು. ರಾತ್ರಿ ಹಾಸಿಗೆಯಿಂದೆದ್ದು ಹೋಗುವಾಗ ಬಿದ್ದರೆಂಬ ನಿಮ್ಮ ವಿವರ ಇಲ್ಲಿ ಬಹಳ ಮುಖ್ಯ. ಮಲಗಿದ್ದವರು ಎದ್ದು ನಿಂತಾಗ ರಕ್ತ ಕಾಲುಗಳ ಕಡೆಗೆ ಇಳಿಯುತ್ತದೆ, ರಕ್ತನಾಳಗಳು ತಕ್ಷಣ ಬಿಗಿದುಕೊಂಡು ಒತ್ತಡವನ್ನು ಕಾಯ್ದುಕೊಳ್ಳಬೇಕು. ಇಳಿವಯಸ್ಸಿನಲ್ಲಿ ಈ ಪ್ರತಿಕ್ರಿಯೆ ನಿಧಾನವಾಗುತ್ತದೆ, ಕೆಲವು ಬಿಪಿ ಮಾತ್ರೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ ಒಂದನೆಯ ಹಾಗೂ ಮೂರನೆಯ ನಿಮಿಷಕ್ಕೆ ಮತ್ತೊಮ್ಮೆ ಬಿಪಿ ನೋಡಲು ವೈದ್ಯರನ್ನು ಕೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಮಾತ್ರೆಗಳನ್ನು ಮರುಪರಿಶೀಲಿಸಬೇಕಾಗುತ್ತದೆ. ಕುರ್ಚಿಯಲ್ಲಿ ಕೂರಿಸಿ ಒಂದು ಸಲ ನೋಡಿ ಕಳುಹಿಸಿದರೆ ಈ ಏರುಪೇರು ಕಾಣುವುದೇ ಇಲ್ಲ, ನಮ್ಮಲ್ಲಿ ಹೆಚ್ಚಿನ ಕಡೆ ನಡೆಯುವುದು ಅಷ್ಟೇ.

ಎರಡು ಬಿಪಿ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದೇ, ಅದನ್ನು ಸಂಜೆ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಹಾಗಿದ್ದರೆ ರಾತ್ರಿ ಎಬ್ಬಿಸುತ್ತಿರುವುದೇ ಆ ಮಾತ್ರೆಯಾಗಿರಬಹುದು, ಹೊತ್ತನ್ನು ಬೆಳಿಗ್ಗೆಗೆ ಬದಲಿಸಲು ವೈದ್ಯರನ್ನು ಕೇಳಬಹುದು. ನಿದ್ದೆಯ ಮಾತ್ರೆಯ ವಿಷಯ ಇದಕ್ಕಿಂತ ಗಂಭೀರ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ಹಳೆಯ ಚೀಟಿಯ ಮೇಲೆಯೇ ನುಂಗುವ ಹಿರಿಯರು ಮನೆ ಮನೆಯಲ್ಲಿದ್ದಾರೆ. ಇವು ಸಮತೋಲನವನ್ನೂ ಎಚ್ಚರವನ್ನೂ ಕೆಡಿಸುತ್ತವೆ, ಮಧ್ಯರಾತ್ರಿ ಎದ್ದಾಗ ಅದರ ಮಂಪರು ಇನ್ನೂ ಇಳಿದಿರುವುದಿಲ್ಲ. ಹಾಗೆಂದು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದ ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತೀವ್ರ ಚಡಪಡಿಕೆ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ವಾರಗಳ ಅವಧಿಯಲ್ಲಿ ವೈದ್ಯರ ನಿಗಾದಲ್ಲಿ ಇಳಿಸಬೇಕು. ಇದರ ಜೊತೆಗೆ ಕಣ್ಣಿನ ಪೊರೆ, ಸಕ್ಕರೆ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆ ಇವುಗಳ ತಪಾಸಣೆಯೂ ಆಗಲಿ. ಬಿ12 ಕಡಿಮೆಯಾದರೆ ಪಾದಕ್ಕೆ ನೆಲದ ಅರಿವೇ ಮಂದವಾಗುತ್ತದೆ.

ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿದ್ದೀರಿ, ಆದರೆ ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿದಂತೆ ಕಾಣುವುದಿಲ್ಲ. ನಿಂತಷ್ಟೇ ಎತ್ತರದಿಂದ ಬಿದ್ದು ಮೂಳೆ ಮುರಿಯಿತೆಂದರೆ ಅದು ಮೂಳೆ ಸವೆದಿರುವುದರ ಸೂಚನೆ, ಮುಂದಿನ ಸಲ ಸೊಂಟದ ಕೀಲು ಮುರಿಯಬಹುದು ಎಂಬ ಎಚ್ಚರಿಕೆ. ಇದಕ್ಕೆ ಚಿಕಿತ್ಸೆಯಿದೆ, ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ರೂಪದ ಔಷಧಗಳು ನಮ್ಮಲ್ಲೂ ದೊರೆಯುತ್ತವೆ. ಬಿದ್ದರೂ ಮುರಿಯದಂತೆ ನೋಡಿಕೊಳ್ಳುವುದು ಬೀಳದಂತೆ ನೋಡಿಕೊಳ್ಳುವಷ್ಟೇ ಮುಖ್ಯ.

ಮನೆಯ ವಿಷಯ ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಮಲೆನಾಡಿನ ಅಂಗಳದಲ್ಲಿ ಜೂನ್ ಕಳೆಯುವಷ್ಟರಲ್ಲಿ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಅವರು ನಡೆಯುವ ಜಾಡಿಗೆ ಒರಟು ಕಲ್ಲು ಹಾಸಿಸಿ ಪಕ್ಕಕ್ಕೊಂದು ಹಿಡಿದು ನಡೆಯುವ ಕಂಬಿ ಹಾಕಿಸಬಹುದು. ಮುಖ್ಯವಾದದ್ದು ರಾತ್ರಿಯ ದಾರಿ. ಮಂಚದಿಂದ ಬಚ್ಚಲಿನವರೆಗೆ ಎಷ್ಟು ಹೊಸ್ತಿಲುಗಳಿವೆ, ಎಲ್ಲಿ ಕತ್ತಲೆಯಿದೆ ಎಂಬುದನ್ನು ಅವರ ಜೊತೆಯಲ್ಲೇ ರಾತ್ರಿ ಹೊತ್ತು ನಡೆದು ನೋಡಿ. ಕರೆಂಟು ಹೋಗುವ ಊರಿನಲ್ಲಿ ಗೋಡೆಯ ದೀಪ ನಂಬಿ ಕೂರಲಾಗದು, ಬ್ಯಾಟರಿಯ ದೀಪ ಬೇಕು. ಬಚ್ಚಲು ದೂರವಿದ್ದರೆ ರಾತ್ರಿಗೆ ಕೋಣೆಯಲ್ಲೇ ಒಂದು ಕಮೋಡ್ ಕುರ್ಚಿ ಇಡುವ ಸಲಹೆಗೆ ಮಡಿಯ ಕಾರಣದಿಂದ ಅವರು ಮುಖ ಸಿಂಡರಿಸಬಹುದು, ಒತ್ತಾಯ ಮಾಡಬೇಡಿ.

ಬೆಂಗಳೂರಿನ ಎರಡು ತಿಂಗಳಲ್ಲಿ ನೀವು ಅವರನ್ನು ಹೇಗೆ ನೋಡಿಕೊಂಡಿರಿ ಎಂದು ಊಹಿಸಬಲ್ಲೆ: ನೀರಿನ ಲೋಟವನ್ನೂ ಏಳಲು ಬಿಡದೆ ಕೈಗೆ ಕೊಟ್ಟಿರುತ್ತೀರಿ. ಪ್ರೀತಿಯಿಂದಲೇ ಮಾಡಿದ್ದು, ಆದರೆ ತೊಡೆಯ ಸ್ನಾಯುಗಳು ಬಳಸದಿದ್ದರೆ ಬಹಳ ಬೇಗ ಕರಗುತ್ತವೆ, ಆ ವಯಸ್ಸಿನಲ್ಲಿ ಮರಳಿ ಬರುವುದು ನಿಧಾನ. ಊರಿನಲ್ಲಿ ಹೂ ಕೊಯ್ಯುತ್ತ, ಕೊಟ್ಟಿಗೆಯ ಕಡೆಗೆ ಓಡಾಡುತ್ತ ಇರುವುದೇ ಅವರ ಕಾಲಿನ ಬಲವನ್ನು ಉಳಿಸಿರಬಹುದು. ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಬೀಳುವುದನ್ನು ಸುಮಾರು ಕಾಲು ಭಾಗದಷ್ಟು ಕಡಿಮೆ ಮಾಡುತ್ತದೆ ಎಂಬುದು ಹಲವು ಅಧ್ಯಯನಗಳಿಂದ ದೃಢಪಟ್ಟಿದೆ. ಶಿರಸಿಯ ಒಬ್ಬ ಫಿಸಿಯೋಥೆರಪಿಸ್ಟ್ ನಾಲ್ಕೈದು ಸಲ ಬಂದು, ಕೈ ಊರದೆ ಕುರ್ಚಿಯಿಂದ ಏಳುವುದು, ಕಂಬ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಮುಂತಾದವನ್ನು ಕಲಿಸಲಿ. ಬಿದ್ದ ಮೇಲೆ ಏಳುವುದನ್ನೂ ಕಲಿಸಬೇಕು: ಪಕ್ಕಕ್ಕೆ ಹೊರಳಿ, ಅಂಬೆಗಾಲಿನಲ್ಲಿ ಗಟ್ಟಿ ಕುರ್ಚಿಯವರೆಗೆ ಹೋಗಿ, ಅದರ ಆಧಾರದಿಂದ ಏಳುವ ಕ್ರಮ. ಒಬ್ಬರೇ ಇರುವವರಿಗೆ ಬೀಳುವುದಕ್ಕಿಂತಲೂ ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದು ಹೆಚ್ಚು ಹಾನಿಕಾರಕ.

ಆ ಅಪಾಯಕ್ಕೆ ಮನುಷ್ಯರೇ ಬೇಕು. ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ಮೊಬೈಲ್ ಸಿಗ್ನಲ್ ಕೂಡ ಹೋಗುವ ಊರಿನಲ್ಲಿ ಕೈಗಡಿಯಾರದ ಅಲಾರಂ ಎಷ್ಟು ದುಬಾರಿಯದಾದರೂ ಪೂರ್ತಿ ನಂಬಲಾಗದು. ಬೆಳಿಗ್ಗೆ ಏಳಕ್ಕೆ ಮುಂಬಾಗಿಲು ತೆರೆದಿರದಿದ್ದರೆ ಪಕ್ಕದ ಮನೆಯವರು ಬಂದು ಕೂಗಬೇಕು, ಅವರ ಬಳಿ ಒಂದು ಬೀಗದ ಕೈ ಇರಬೇಕು ಎಂಬ ಒಪ್ಪಂದವನ್ನು ತಾಯಿಯವರೇ ಮಾಡಿಕೊಳ್ಳಲಿ. ರಾತ್ರಿಗೆ ಯಾರಾದರೂ ಬಂದು ಮಲಗುವ ವ್ಯವಸ್ಥೆಯಾದರೆ ಇನ್ನೂ ಒಳ್ಳೆಯದು. ನಿಮ್ಮ ತಮ್ಮ ಕೊಡುತ್ತೇನೆಂದಿರುವ ಹಣಕ್ಕೆ ಇದು ಯೋಗ್ಯವಾದ ದಾರಿ. 108ರ ಆಂಬುಲೆನ್ಸ್ ಮನೆಯ ದಾರಿಯಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಈಗಲೇ ನೋಡಿಟ್ಟುಕೊಳ್ಳಿ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567 ಕೂಡ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ.

ಇಷ್ಟೆಲ್ಲ ಮಾಡಿದರೂ ಅವರು ಬೀಳಬಹುದು. ಬುದ್ಧಿ ಸ್ವಸ್ಥವಾಗಿರುವವರೆಗೆ, ಅಪಾಯವನ್ನು ಅರಿತು ತಮ್ಮ ಮನೆಯಲ್ಲೇ ಇರುತ್ತೇನೆ ಎನ್ನುವ ಹಕ್ಕು ಅವರಿಗಿದೆ, ನಿಮ್ಮ ಆತಂಕ ಶಮನವಾಗಲೆಂದು ಅವರು ಅದನ್ನು ಬಿಟ್ಟುಕೊಡಬೇಕಿಲ್ಲ. ಒಲೆ ಆರಿಸಲು ಮರೆಯುವುದು, ಮಾತ್ರೆಗಳನ್ನು ಎರಡೆರಡು ಸಲ ನುಂಗುವುದು, ಪರಿಚಿತ ದಾರಿ ತಪ್ಪುವುದು ಕಂಡರೆ ಮಾತು ಬೇರೆ. ಆಗ ಒಬ್ಬರನ್ನೇ ಬಿಡಲಾಗದು. ಆ ದಿನ ಬಂದರೆ ಏನು ಮಾಡಬೇಕೆಂದು ಈಗಲೇ ಅವರನ್ನು ಕೇಳಿ: ನಿಮ್ಮ ಮನೆಗೆ ಬರುತ್ತಾರೆಯೇ, ಅಥವಾ ಊರಲ್ಲೇ ಸಂಬಂಧಿಕರ ಬಳಿ ಇರುತ್ತಾರೆಯೇ, ಸೊಂಟ ಮುರಿದರೆ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಾರೆಯೇ. ಸೊಂಟದ ಶಸ್ತ್ರಚಿಕಿತ್ಸೆ ಒಂದೆರಡು ದಿನಗಳೊಳಗೇ ಆಗಬೇಕಾದದ್ದು, ಆಗ ಕೂತು ಚರ್ಚಿಸಲು ಸಮಯವಿರುವುದಿಲ್ಲ. ಅವರ ಉತ್ತರವನ್ನು ನೀವು ತಮ್ಮನಿಗೆ ದಾಟಿಸುವ ಬದಲು, ವಿಡಿಯೋ ಕರೆಯಲ್ಲಿ ಅವರೇ ಅವನಿಗೆ ಹೇಳಲಿ.