ಸೊನ್ನೆ ಬಂದಾಗ ರಬ್ಬರ್ ಹಿಡಿದ ಹುಡುಗಿ

ನಾನು ಕಾಲೇಜೊಂದರಲ್ಲಿ ಆಪ್ತಸಲಹೆಗಾರ್ತಿ. ಮೊದಲ ಇಂಟರ್ನಲ್ಸ್ ಮುಗಿದ ವಾರ ನನ್ನ ಕೋಣೆಗೆ ಬರುವ ಮಕ್ಕಳ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಕಾಂಬಿನೇಷನ್ ಚೇಂಜ್ ಮಾಡ್ಕೋಬಹುದಾ?" ಯಾಕಮ್ಮ ಅಂತ ಕೇಳಿದರೆ ಕಾರಣವೂ ಒಂದೇ: ಸ್ಟಾಟಿಸ್ಟಿಕ್ಸ್, ಅಂದರೆ ಸಂಖ್ಯಾಶಾಸ್ತ್ರ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಗಣಿತದ ಋಣ ತೀರಿತು ಎಂದುಕೊಂಡು ಪಿಯುಸಿಯಲ್ಲಿ ಆರ್ಟ್ಸ್ ತಗೊಂಡವರು ಇವರು. ಡಿಗ್ರಿಗೆ ಬಂದು, ಮನುಷ್ಯರ ಮನಸ್ಸಿನ ಬಗ್ಗೆ ಓದೋಣ ಅಂತ ಸೈಕಾಲಜಿ ಆರಿಸಿಕೊಂಡಿರುತ್ತಾರೆ. ಬೋರ್ಡಿನ ಮೇಲೆ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಎಂದು ಸೂತ್ರಗಳು ಶುರುವಾದಾಗ ಮೋಸ ಹೋದೆವು ಅನ್ನಿಸುತ್ತೆ.

ಅಂಥ ಒಬ್ಬ ಹುಡುಗಿಯ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಅವಳ ಒಪ್ಪಿಗೆಯೂ ಇದೆ. ಕಾವ್ಯ ಎಂದು ಕರೆಯೋಣ.

ಕಾವ್ಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದಳು. ಪಿಯುಸಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಎರಡು ಹಸು, ಅಮ್ಮ ಡೇರಿಗೆ ಹಾಲು ಹಾಕುತ್ತಾರೆ. ಇಂಟರ್ನಲ್ಸ್‌ನಲ್ಲಿ ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಸ್ಟಾಟಿಸ್ಟಿಕ್ಸ್ ಕ್ಲಾಸ್ ಇರುವ ದಿನ ಬೆಳಗ್ಗೆಯೇ ಹೊಟ್ಟೆನೋವು. ವಿಷಯ ತಿಳಿದ ಮಾವ ಫೋನ್ ಮಾಡಿ, "ಸುಮ್ನೆ ಯಾಕೆ ಕಷ್ಟ, ಹಿಸ್ಟರಿಗೆ ಹಾಕ್ಸಿಬಿಡಿ" ಅಂದಿದ್ದರು.

ಮೊದಮೊದಲ ಭೇಟಿಗಳಲ್ಲಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ನಿದ್ದೆ ಸರಿಹೋಯಿತು. ಕ್ಲಾಸಿಗೆ ಮಾತ್ರ ಹೋಗಲಿಲ್ಲ. "ಇದೆಲ್ಲ ನಮ್ಮಂಥವರಿಗಲ್ಲ ಮೇಡಂ" ಎಂದು ಒಂದು ಸಲ ಹೇಳಿದಳು. ಆಗ ಸಿ.ಆರ್. ರಾವ್ ಅವರ ಕಥೆ ಹೇಳಿದೆ. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲೇ ಹುಟ್ಟಿದವರು, 2023ರಲ್ಲಿ 102ನೇ ವಯಸ್ಸಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಪಡೆದವರು. ಚೆನ್ನಾಗಿ ಕೇಳಿಸಿಕೊಂಡಳು, ತಲೆ ಆಡಿಸಿದಳು. ಮುಂದಿನ ಕ್ಲಾಸಿಗೂ ಹೋಗಲಿಲ್ಲ. ಹೆದರಿದ ಮಗುವಿಗೆ ದೊಡ್ಡವರ ಸಾಧನೆ ದೂರದ ಮಾತಾಗಿಯೇ ಉಳಿಯುತ್ತೆ. ಇದು ನಾನು ಬೇರೆ ಮಕ್ಕಳಲ್ಲೂ ನೋಡಿದ್ದೇನೆ.

ಹಾಗಾಗಿ, ಮುಂದಿನ ಸಲ ಬರುವಾಗ ನೋಟ್‌ಬುಕ್ ತಗೊಂಡು ಬಾ ಅಂದೆ.

ನೋಟ್‌ಬುಕ್ ತುಂಬಾ ಅಚ್ಚುಕಟ್ಟಾಗಿತ್ತು. ಸೂತ್ರಗಳ ಕೆಳಗೆ ಕೆಂಪು ಗೆರೆ. ಬೋರ್ಡಿನಿಂದ ಇಳಿಸಿಕೊಂಡ ಲೆಕ್ಕಗಳು ದುಂಡನೆಯ ಅಕ್ಷರದಲ್ಲಿ. ಆದರೆ ಅವಳೇ ಮಾಡಿದ ಲೆಕ್ಕಗಳಿರುವ ಪುಟಗಳಲ್ಲಿ ಪೆನ್ಸಿಲಿನ ಮಸುಕು ಬಿಟ್ಟರೆ ಏನೂ ಇರಲಿಲ್ಲ. ಅಳಿಸಿ ಅಳಿಸಿ ಹಾಳೆ ತೆಳ್ಳಗಾಗಿತ್ತು, ಒಂದು ಕಡೆ ಹರಿದೂ ಹೋಗಿತ್ತು.

ಪುಸ್ತಕ ಪಕ್ಕಕ್ಕಿಡು ಅಂದೆ. "ನಿಮ್ಮ ಕರೀ ಹಸು ಬೆಳಗ್ಗೆ ಎಷ್ಟು ಲೀಟರ್ ಕೊಡುತ್ತೆ?"

"ದಿನಾ ಒಂದೇ ಥರ ಇರಲ್ಲ ಮೇಡಂ. ಆರು, ಎಂಟು, ಏಳು. ಮೊನ್ನೆ ಐದೇ ಅಂತೆ. ಒಂದೊಂದಿನ ಒಂಬತ್ತು ಬರುತ್ತೆ."

ಬರೆದುಕೋ ಅಂದೆ. 6, 8, 7, 5, 9. ಸರಾಸರಿ ಎಷ್ಟು? ಬಾಯಲ್ಲೇ ಹೇಳಿದಳು, ಏಳು. ಈಗ ಪ್ರತಿ ದಿನದ ಹಾಲು ಏಳಕ್ಕಿಂತ ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಬರಿ ಅಂದೆ. ಒಂದು ಕಮ್ಮಿ, ಒಂದು ಜಾಸ್ತಿ, ಸಮ, ಎರಡು ಕಮ್ಮಿ, ಎರಡು ಜಾಸ್ತಿ. ಎಲ್ಲಾ ಕೂಡು ಅಂದೆ. ಕೂಡಿದಳು. ಸೊನ್ನೆ ಬಂತು. ತಕ್ಷಣ ಕೈ ರಬ್ಬರಿಗೆ ಹೋಯಿತು. ನಾನು ಬೇಡ ಅನ್ನುವಷ್ಟರಲ್ಲಿ ಅರ್ಧ ಸಾಲು ಅಳಿಸಿಯೇ ಬಿಟ್ಟಿದ್ದಳು.

"ಯಾಕಮ್ಮ ಅಳಿಸ್ತಾ ಇದೀಯ?"

"ಸೊನ್ನೆ ಬಂತಲ್ಲ ಮೇಡಂ. ಎಲ್ಲೋ ತಪ್ಪು ಮಾಡಿದೀನಿ."

"ಎಲ್ಲಿ ತಪ್ಪಾಗಿದೆ, ತೋರಿಸು."

ಮೊದಲಿನಿಂದ ಮತ್ತೆ ಮಾಡಿದಳು. ಮತ್ತೆ ಸೊನ್ನೆಯೇ. ಕಣ್ಣು ತುಂಬಿಕೊಂಡಿತು. "ನೋಡಿ ಮೇಡಂ, ಮತ್ತೆ ಅದೇ ತಪ್ಪು ಮಾಡ್ದೆ."

ಈ ಲೇಖನ ಬರೆಯಲು ಕಾರಣವೇ ಆ ಒಂದು ಮಾತು. ಎರಡು ಸಲ ಮಾಡಿದಾಗ ಎರಡು ಸಲವೂ ಒಂದೇ ಉತ್ತರ ಬಂದರೆ, ಬಹುಶಃ ಉತ್ತರವೇ ಹಾಗಿರಬೇಕು ಎಂದುಕೊಳ್ಳಬೇಕಲ್ವಾ? ಇವಳಿಗೆ ಹೊಳೆದದ್ದು, ತಾನು ಅದೇ ತಪ್ಪನ್ನು ಎರಡು ಸಲ ಮಾಡಿದೆ ಎಂದು. ಲೆಕ್ಕ ಅವಳಿಗೆ ಬರುತ್ತಿತ್ತು. ತನ್ನ ಲೆಕ್ಕದ ಮೇಲೆ ನಂಬಿಕೆ ಇರಲಿಲ್ಲ. ನಿರೀಕ್ಷೆ ಮಾಡದ ಏನಾದರೂ ಕಂಡರೆ ಸಾಕು, ತಪ್ಪು ನನ್ನದೇ ಎಂದು ತೀರ್ಮಾನಿಸಿ ಅಳಿಸುವುದು ರೂಢಿಯಾಗಿತ್ತು. ಖಾಲಿ ಹಾಳೆ ಕೊಟ್ಟದ್ದೂ ಹೀಗೆಯೇ. ಕೇಳಿದಾಗ, ಪರೀಕ್ಷೆಯಲ್ಲಿ ಎರಡು ಲೆಕ್ಕ ಮಾಡಿ ಅಳಿಸಿದ್ದೆ ಎಂದು ಒಪ್ಪಿಕೊಂಡಳು.

ನಾನು ನಿಧಾನವಾಗಿ ಹೇಳಿದೆ. ಸೊನ್ನೆ ಸರಿಯಾದ ಉತ್ತರ. ನಿಮ್ಮ ಹಸು ಮಾತ್ರ ಅಲ್ಲ, ಯಾವ ಹಸುವಿನ ಲೆಕ್ಕ ಹಾಕಿದರೂ ಸರಾಸರಿಗಿಂತ ಜಾಸ್ತಿ ಇರುವುದೂ ಕಮ್ಮಿ ಇರುವುದೂ ಕೂಡಿದರೆ ಸೊನ್ನೆಯೇ ಬರುತ್ತೆ. ಹಾಗೆ ಕೂಡಿದರೆ ಹಾಲು ಎಷ್ಟು ಏರಿಳಿತ ಆಗುತ್ತೆ ಅನ್ನೋದು ತಿಳಿಯುವುದೇ ಇಲ್ಲ. ಅದಕ್ಕೇ ವರ್ಗ ಮಾಡುವುದು. ಮೈನಸ್ ಹೋಗುತ್ತೆ. 1, 1, 0, 4, 4. ಕೂಡಿದರೆ 10. ಐದರಿಂದ ಭಾಗಿಸಿದರೆ 2. ವರ್ಗಮೂಲ ಸುಮಾರು 1.41 ಲೀಟರ್. ಬೋರ್ಡಿನ ಮೇಲಿದ್ದ ಮಾನಕ ವಿಚಲನೆಯ ಆ ದೊಡ್ಡ ಸೂತ್ರ ಇಷ್ಟೇ. ಸುಮ್ಮನೆ ಕೂಡಿದರೆ ಯಾರಿಗಾದರೂ ಈ ಸೊನ್ನೆಯೇ ಅಡ್ಡ ಬರುತ್ತೆ ಅಂತ ತಿಳ್ಕೋ ಅಂದೆ.

ಆಮೇಲೆ ಇನ್ನೊಂದು ಹಸುವಿನ ಲೆಕ್ಕ ಕೊಟ್ಟೆ. 7, 7, 6, 8, 7. ಸರಾಸರಿ ಅದೂ ಏಳೇ. ಮಾನಕ ವಿಚಲನೆ ಅವಳೇ ತೆಗೆದಳು, ಸುಮಾರು 0.63. ನಿಮ್ಮಮ್ಮ ಯಾವುದನ್ನ ಕೊಂಡ್ಕೋತಾರೆ ಅಂದೆ. "ಎರಡನೇದು. ದಿನಾ ಇಷ್ಟು ಬರುತ್ತೆ ಅಂತ ಲೆಕ್ಕ ಇಟ್ಕೋಬಹುದು" ಅಂದವಳು ತಡೆದು ಕೇಳಿದಳು. "ಆದ್ರೆ ಐದೇ ದಿನ ನೋಡಿ ಹೇಳೋಕಾಗುತ್ತಾ ಮೇಡಂ? ಅಮ್ಮ ಆಗಿದ್ರೆ ಒಪ್ಪಲ್ಲ."

ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ನಾಲ್ಕೈದು ಸಲ ಅಳೆದು ನೋಡಿದ್ದರ ಮೇಲೆ ಎಷ್ಟು ಭರವಸೆ ಇಡಬಹುದು? ನೌಕರರು ತಮ್ಮ ಹೆಸರಿನಲ್ಲಿ ಇಂಥದ್ದನ್ನು ಪ್ರಕಟಿಸುವಂತಿರಲಿಲ್ಲ. ಹಾಗಾಗಿ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಲೇಖನ ಬರೆದರು. ಈ ಮಕ್ಕಳು ಮುಂದಿನ ಸೆಮಿಸ್ಟರಿನಲ್ಲಿ ಓದುವ ಟಿ-ಟೆಸ್ಟ್ (ಸರಾಸರಿಗಳಲ್ಲಿ ಕಂಡ ವ್ಯತ್ಯಾಸವನ್ನು ಎಷ್ಟು ನಂಬಬಹುದು ಎಂದು ನೋಡುವ ಲೆಕ್ಕ) ಅಲ್ಲಿಂದ ಬಂತು. ನೀನೀಗ ಕೇಳಿದ್ದು ಅವರ ಪ್ರಶ್ನೆ ಕಣಮ್ಮ ಅಂದೆ. ಈ ಸಲದ ಕಥೆ ಅವಳಿಗೆ ತಾಗಿತು. ಅವಳದೇ ಪ್ರಶ್ನೆಗೆ ಸಿಕ್ಕ ಉತ್ತರವಾಗಿತ್ತಲ್ಲ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಸೆಮಿಸ್ಟರ್ ಮುಗಿಯುವವರೆಗೆ ಸ್ಟಾಟಿಸ್ಟಿಕ್ಸಿಗೆ ಪೆನ್ಸಿಲ್, ರಬ್ಬರ್ ಬೇಡ. ಪೆನ್ನಿನಲ್ಲೇ ಬರಿ. ತಪ್ಪು ಅನ್ನಿಸಿದರೆ ಒಂದು ಗೆರೆ ಎಳೆದು, ಯಾಕೆ ತಪ್ಪು ಅಂತ ಪಕ್ಕದಲ್ಲಿ ಬರಿ. ಕಾರಣ ಬರೆಯಲು ಆಗದಿದ್ದರೆ ಹೊಡೆದು ಹಾಕಬೇಡ. ಯಾವ ಹೊಸ ಸೂತ್ರ ಬಂದರೂ ಮೊದಲು ಐದು ಸಣ್ಣ ಸಂಖ್ಯೆ ಹಾಕಿ ಕೈಯಲ್ಲಿ ಮಾಡು. ವಿಡಿಯೋ ನೋಡುವುದು ಆಮೇಲೆ, ಬೇರೆಯವರು ಲೆಕ್ಕ ಮಾಡುವುದನ್ನು ನೋಡಿದರೆ ನಮಗೆ ಬಂದ ಹಾಗೆ ಅನ್ನಿಸುತ್ತೆ ಅಷ್ಟೇ. ಸರ್ ಹತ್ತಿರ ಹೋಗಿ "ಅರ್ಥ ಆಗ್ಲಿಲ್ಲ" ಅನ್ನಬೇಡ. "ಈ ಸಾಲಿನವರೆಗೆ ಬಂತು, ಇದಾದ ಮೇಲೆ ಗೊತ್ತಾಗಲಿಲ್ಲ" ಅಂತ ಬೆರಳಿಟ್ಟು ತೋರಿಸು.

ಈ ಕೊನೆಯದು ಬೇಗ ಕೆಲಸಕ್ಕೆ ಬಂತು. ಅದೇ ಹಾಲಿನ ಲೆಕ್ಕಕ್ಕೆ ಕ್ಯಾಲ್ಕುಲೇಟರ್ 1.58 ತೋರಿಸಿತ್ತು. ಮೊದಲಾಗಿದ್ದರೆ 1.41 ಅಳಿಸಿಹೋಗುತ್ತಿತ್ತು. ಈ ಸಲ ಎರಡನ್ನೂ ಬರೆದುಕೊಂಡು ಹೋಗಿ ಕೇಳಿದಳು. ಐದರ ಬದಲು ನಾಲ್ಕರಿಂದ ಭಾಗಿಸಿದರೆ 1.58 ಬರುತ್ತೆ, ಕೆಲವೇ ದಿನದ ಹಾಲು ನೋಡಿ ಎಲ್ಲ ದಿನಗಳ ಏರಿಳಿತ ಅಂದಾಜು ಮಾಡುವಾಗ ಹಾಗೆ ಮಾಡುತ್ತಾರೆ ಎಂದು ಸರ್ ವಿವರಿಸಿದರು. ಎರಡೂ ಸರಿ, ಕೇಳುವ ಪ್ರಶ್ನೆ ಬೇರೆ.

ಆಪ್ತಸಲಹೆಗಾರರು ಲೆಕ್ಕ ಹೇಳಿಕೊಡುವುದು ಸರಿಯಾ, ಅದು ಟ್ಯೂಷನ್ ಆಗುವುದಿಲ್ಲವಾ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನೋಟ್‌ಬುಕ್ ಕೊಳಕಾಗಿದೆ ಎಂದು ಕಾಲೇಜಿನಲ್ಲೂ ಮಾತು ಬಂತು. ನನ್ನ ನಿಲುವು ಬದಲಾಗಿಲ್ಲ. ಭಯ ಎಲ್ಲಿ ಹುಟ್ಟುತ್ತೋ ಅಲ್ಲೇ ಕೂತು ನೋಡಬೇಕು. ಕಾವ್ಯಳ ಭಯ ಹುಟ್ಟುತ್ತಿದ್ದದ್ದು ಸೊನ್ನೆ ಬಂದ ಆ ಗಳಿಗೆಯಲ್ಲಿ. ನೋಟ್‌ಬುಕ್ ತೆರೆಸದೆ ವರ್ಷಗಟ್ಟಲೆ ಮಾತಾಡಿಸಿದ್ದರೂ ಅದು ಕಾಣುತ್ತಿರಲಿಲ್ಲ. ಹೊಡೆದ ಗೆರೆಗಳಿರುವ ನೋಟ್‌ಬುಕ್ಕಿನಲ್ಲಿ ಮಗು ಏನು ಯೋಚಿಸಿತು ಅನ್ನುವುದು ಕಾಣುತ್ತೆ. ಅಚ್ಚುಕಟ್ಟಿಗೆ ಅಂಕ ಕೊಡುವ ನಮ್ಮ ಅಭ್ಯಾಸವೇ ಎಷ್ಟೋ ಮಕ್ಕಳ ಕೈಗೆ ರಬ್ಬರ್ ಕೊಟ್ಟಿದೆ.

ಕಾಂಬಿನೇಷನ್ ಬದಲಿಸಬೇಡ ಅಂದದ್ದಕ್ಕೂ ಕಾರಣವಿದೆ. ಅವಳಿಗೆ ಮುಂದೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡುವ ಆಸೆ. ಅಲ್ಲಿ ಸಂಶೋಧನಾ ವಿಧಾನದ ಜೊತೆ ಸ್ಟಾಟಿಸ್ಟಿಕ್ಸ್ ಬರುತ್ತೆ. ಸೈಕಾಲಜಿ ಎಂಎಸ್ಸಿಗೆ ಹೋದರೂ ಬಿಡುವುದಿಲ್ಲ. ಇಲ್ಲಿ ಬಿಟ್ಟು ಹೋದರೆ ಅಲ್ಲಿ ಇನ್ನೂ ದೊಡ್ಡದಾಗಿ ಎದುರಾಗುತ್ತೆ.

ಎಲ್ಲರಿಗೂ ಇದೇ ಸಲಹೆ ಕೊಡುವುದಿಲ್ಲ. ಚಿಕ್ಕಂದಿನಿಂದ ಸಂಖ್ಯೆಗಳನ್ನು ಗುರುತಿಸುವುದೇ ಕಷ್ಟ ಇರುವ ಮಕ್ಕಳಿದ್ದಾರೆ, ಅವರಿಗೆ ತಜ್ಞರ ಪರೀಕ್ಷೆ ಬೇಕು. ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ ಮೊದಲು ಆರೋಗ್ಯ, ವಿಷಯ ಬಿಟ್ಟರೂ ಚಿಂತೆಯಿಲ್ಲ. ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಾಯಲ್ಲಿ ಬಂದರೆ, ಅದನ್ನು ಪರೀಕ್ಷೆ ಭಯ ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕಾವ್ಯ ಪಾಸಾದಳು. ಅಂಕ ಸಾಧಾರಣ. ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಿದ್ದಳು. ಟಿ-ಟೆಸ್ಟ್ ಶುರುವಾಗಿದೆಯಂತೆ. "ವ್ಯತ್ಯಾಸವೇ ಇಲ್ಲ ಅಂತ ಮೊದಲು ಇಟ್ಕೊಂಡು ಹೊರಡೋ ಶೂನ್ಯ ಕಲ್ಪನೆ ಅನ್ನೋದು ಇನ್ನೂ ಸರಿಯಾಗಿ ಹಿಡಿತಕ್ಕೆ ಬಂದಿಲ್ಲ ಮೇಡಂ. ಸರ್‌ನ ಒಂದ್ಸಲ ಕೇಳಿದೀನಿ, ನಾಳೆ ಮತ್ತೆ ಕೇಳ್ತೀನಿ" ಅಂದಳು.