ಕಾರ್ಟೂನ್ ನೋಡುವ ಮಗುವಿಗೆ ನೋವಿರಲ್ವಾ?

ಪ್ರಶ್ನೆ: ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಅಪೆಂಡಿಕ್ಸ್ ಆಪರೇಷನ್ ಆದ ಮಾರನೇ ದಿನ 5 ವರ್ಷದ ಹುಡುಗ ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಿದ್ದ. ತಾಯಿ ಮಾತ್ರ ‘ಮಗೂಗೆ ನೋವಿದೆ ಸಿಸ್ಟರ್’ ಎಂದು ಮತ್ತೆ ಮತ್ತೆ ಕರೆಯುತ್ತಿದ್ದರು. ಡಾಕ್ಟರು ‘ಬೇಕಾದರೆ ಮಾರ್ಫಿನ್’ (ಅಫೀಮಿನ ಜಾತಿಯ ಬಲವಾದ ನೋವಿನ ಔಷಧಿ) ಎಂದು ಬರೆದಿದ್ದರು. ಹಿರಿಯ ಸಿಸ್ಟರ್ ‘ನೋವಿದ್ದರೆ ಅಳ್ತಿದ್ದ, ಸುಮ್ನೆ ಕೊಟ್ಟು ಚಟ ಹಿಡಿಸಬೇಡ’ ಎಂದರು. ಏನು ಮಾಡಬೇಕಿತ್ತು?

ಉತ್ತರ: ತಾಯಿಯ ಮಾತನ್ನು ನಂಬಿ ಮಗುವಿನ ಹತ್ತಿರ ಹೋಗಬೇಕಿತ್ತು ಸಿಸ್ಟರ್. ಕಾರ್ಟೂನ್ ನೋಡುವಾಗ ಮಗು ನೋವನ್ನು ಸ್ವಲ್ಪ ಮರೆಯುತ್ತದೆ, ನೋವು ಹೋಗಿರುವುದಿಲ್ಲ. ಮಗ್ಗುಲು ಬದಲಿಸಲು, ಒಮ್ಮೆ ಕೆಮ್ಮಲು ಹೇಳಿ ನೋಡಿ, ನೋವಿದ್ದರೆ ಆಗ ಗೊತ್ತಾಗುತ್ತದೆ. ಹೊಟ್ಟೆ ನೋವಿರುವ ಮಗು ಎಷ್ಟೋ ಸಲ ಅಳುವುದೇ ಇಲ್ಲ. ಅತ್ತರೆ ನೋವು ಜಾಸ್ತಿಯಾಗುತ್ತದೆ, ಅದಕ್ಕೇ ಕಾಲು ಮಡಚಿ ಅಲುಗದೆ ಮಲಗಿರುತ್ತದೆ. ಸೂಜಿಗೆ ಹೆದರಿ ‘ನೋವಿಲ್ಲ’ ಎನ್ನುವ ಮಕ್ಕಳೂ ಇದ್ದಾರೆ. ಔಷಧಿ ಕೈಯ ರಕ್ತನಾಳಕ್ಕೆ ಈಗಾಗಲೇ ಹಾಕಿರುವ ಸಣ್ಣ ಕೊಳವೆಯಲ್ಲೇ (ಕ್ಯಾನುಲಾ) ಹೋಗುತ್ತದೆ, ಹೊಸದಾಗಿ ಚುಚ್ಚಲ್ಲ ಎಂದು ಮೊದಲೇ ಹೇಳಿಬಿಡಿ.

5 ವರ್ಷದವನು, ನೋವಿಲ್ಲದ ಮುಖದಿಂದ ತುಂಬಾ ನೋವಿರುವ ಮುಖದವರೆಗೆ ಸಾಲಾಗಿ ಬರೆದ ಚಿತ್ರದಲ್ಲಿ ತನ್ನ ನೋವನ್ನು ಬೆರಳಿಟ್ಟು ತೋರಿಸಬಲ್ಲ. ಮಾತು ಬಾರದ ಮಕ್ಕಳಿಗೆ 1997ರಿಂದ ಫ್ಲ್ಯಾಕ್ ಎಂಬ ನೋವಿನ ಅಳತೆ ಇದೆ. ಅದರಲ್ಲಿ ನೋಡುವುದು ಐದು: ಮುಖ, ಕಾಲು, ಚಲನೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತದೆಯೇ ಎಂಬುದು. ಒಂದೊಂದಕ್ಕೂ 0ಯಿಂದ 2, ಒಟ್ಟು 10. ಅದರಲ್ಲಿ ಅಳುವಿಗೆ ಸಿಗುವುದು ಬರೀ 2!

ಇನ್ನು ಚಟದ ಭಯ. ಮಗುವಿನ ತೂಕಕ್ಕೆ ತಕ್ಕಂತೆ, ಆಪರೇಷನ್ ನೋವಿಗೆಂದು ಒಂದೆರಡು ದಿನ ಕೊಡುವ ಮಾರ್ಫಿನ್‌ನಿಂದ ಮಗು ಚಟಕ್ಕೆ ಬೀಳುವುದು ತೀರಾ ಅಪರೂಪ. ಉಸಿರಾಟ ನಿಧಾನವಾಗುವ ಅಪಾಯ ಮಾತ್ರ ನಿಜ. ಹಾಗಾಗಿ ಮಂಪರು ಎಷ್ಟಿದೆ, ಉಸಿರು ನಿಮಿಷಕ್ಕೆಷ್ಟು, ಆಮ್ಲಜನಕ ಎಷ್ಟಿದೆ ಎಂದು ನೋಡುತ್ತಿರಿ. ಮಾರ್ಫಿನ್ ಪರಿಣಾಮವನ್ನು ಇಳಿಸುವ ಔಷಧಿ ನಲಾಕ್ಸೋನ್ ಕೈಗೆಟುಕುವಂತಿರಲಿ.

ಹಿರಿಯರ ಮೇಲೆ ಬೇಸರ ಬೇಡ. 1980ರ ದಶಕದಲ್ಲೂ ಹಸುಗೂಸಿಗೆ ನೋವು ಅಷ್ಟಾಗಿ ತಿಳಿಯದು ಎಂದು ಎಷ್ಟೋ ಡಾಕ್ಟರುಗಳೇ ನಂಬಿದ್ದರು. ಆ ನಂಬಿಕೆಯ ನೆರಳು ವಾರ್ಡುಗಳಲ್ಲಿ ಇನ್ನೂ ಉಳಿದಿದೆ. ಅದರ ಕಷ್ಟ ಮಕ್ಕಳಿಗೆ ಅನ್ನುವುದೇ ನನ್ನ ಸಂಕಟ.

ನನ್ನನ್ನು ಕೇಳಿದರೆ, ಮೊದಲ ಎರಡು ದಿನ ‘ಬೇಕಾದರೆ’ ಎಂಬ ಆರ್ಡರೊಂದೇ ಸಾಲದು. ಬೇಡವೆನ್ನುವ ಕಾರಣ ಇಲ್ಲದಿದ್ದರೆ ಪ್ಯಾರಾಸಿಟಮಾಲ್ ಅನ್ನು ಗಂಟೆ ಪ್ರಕಾರ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ. 16 ಕಿಲೋ ಮಗುವಿಗೆ 240 ಮಿಲಿಗ್ರಾಂ ಆಯಿತು. ಆಗ ಮಾರ್ಫಿನ್ ಕಡಿಮೆ ಸಾಕಾಗುತ್ತದೆ. ಮಾರ್ಫಿನ್ ಕೊಟ್ಟ ಅರ್ಧ ಗಂಟೆಗೆ ನೋವನ್ನು ಮತ್ತೆ ಅಳೆದು ನೋಡಿ, ಕೊಡುವ ಮುಂಚಿನದು, ಆಮೇಲಿನದು ಎರಡೂ ಅಂಕಿಯನ್ನು ಚಾರ್ಟಿನಲ್ಲಿ ಬರೆಯಿರಿ. ರಾತ್ರಿ ಡ್ಯೂಟಿಯವರು ಮತ್ತೆ ಮೊದಲಿಂದ ಊಹಿಸುತ್ತಾ ಕೂರಬೇಕಾಗಿಲ್ಲ.